ಸೂತಕದ ಸಾಕ್ಷಿ

ಜನವರಿ ೧೨, ಭಾನುವಾರ

ಚಳಿಗೆ ಅರ್ಧ ಜನ ಬರಲೇ ಇಲ್ಲ. ಬಂದವರಲ್ಲೂ ಮುಕ್ಕಾಲು ಪಾಲು ಶ್ರೀವಿದ್ಯಾಳ ಕೇಸರಿಬಾತಿಗೆ ಬಂದವರು, ಅದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ದೆಹಲಿ ಕನ್ನಡಿಗರ ವಂಶಾವಳಿ ಕೂಟ ನಡೆಯುತ್ತಿರುವುದೇ ಅಣ್ಣನ ಮಗ ಸುರೇಶನ ಹೆಸರಲ್ಲಿ ಬುಕ್ ಆಗುವ ಈ ಕಿದ್ವಾಯಿ ನಗರದ ಹಾಲ್ ಮತ್ತು ಅವನ ಹೆಂಡತಿಯ ಕೇಸರಿಬಾತಿನ ಬಲದ ಮೇಲೆ. ಕಾರ್ಯದರ್ಶಿ ನಾನು ಅನ್ನುವುದು ಆಮೇಲಿನ ಮಾತು.

ಹೊಸಬನೊಬ್ಬ ಬಂದಿದ್ದ. ಚಂದ್ರಶೇಖರ ಅಂತ. ರೈಲ್ವೆಯಲ್ಲಿದ್ದು ನಿವೃತ್ತಿ, ಫರೀದಾಬಾದಿನಲ್ಲಿ ವಾಸ, ಹುಟ್ಟಿ ಬೆಳೆದದ್ದು ಝಾನ್ಸಿ. ಕನ್ನಡ ಮಾತಾಡುತ್ತಾನೆ, ಆದರೆ ಎರಡು ಮಾತಿಗೊಂದು ಹಿಂದಿಯ ‘ಮತ್ಲಬ್’ ಬೀಳುತ್ತದೆ. ಗೋತ್ರ ಕೇಳಿದೆ. ಕಾಶ್ಯಪ ಅಂದ. ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪವೇ! ನಮ್ಮದು ನಿಜವಾದ ಕಾಶ್ಯಪ, ಅದು ಬೇರೆ ವಿಷಯ. ಮೂಲ ಊರು ಎಲ್ಲಿ ಅಂದರೆ ಹಾವೇರಿ ಕಡೆ ಅಂತ ಅಪ್ಪ ಹೇಳ್ತಿದ್ರು ಅಂದ. ಅಜ್ಜ ನರಸಿಂಗರಾಯ, ಮುತ್ತಜ್ಜ ವೆಂಕಣ್ಣ ಅಂದ.

ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ನಮ್ಮ ಮುತ್ತಜ್ಜನ ತಮ್ಮನ ಹೆಸರೂ ವೆಂಕಣ್ಣ. ಹಾವೇರಿಯ ಮನೆ ಬಿಟ್ಟು ಹೋದವನು ಮುಂದೆ ಏನಾದ ಎಂದು ನಾನಂತೂ ಕೇಳಿಲ್ಲ. ನಮ್ಮ ವಂಶದ ಪಟ ಗೋಡೆಯ ಮೇಲೆ ತೂಗುತ್ತಿತ್ತು. ಆಸಾಮಿ ಬಾಯಿ ಬಿಡುವ ಮುಂಚೆ ಅದನ್ನು ಓದಿಕೊಂಡಿರಬಾರದು ಅಂತ ಏನಿದೆ? ಬೈಪಾಸ್ ರಸ್ತೆಗೆ ಹೋಗುವ ಹಾವೇರಿಯ ನಮ್ಮ ಜಮೀನಿಗೆ ಪರಿಹಾರ ಇನ್ನೇನು ಬರಬೇಕು ಅನ್ನುವಾಗಲೇ ಒಬ್ಬ ದಾಯಾದಿ ಹುಟ್ಟಿಕೊಂಡಿದ್ದಾನೆ ನೋಡು. ಸರ್ವೀಸ್ ಪೂರ್ತಿ ವಿಜಿಲೆನ್ಸ್ ವಿಭಾಗದಲ್ಲಿ ಕಳೆದವನು ನಾನು. ನನಗೇ ಟೋಪಿಯೇ?

“ಕೂಟಕ್ಕೆ ಯಾಕೆ ಸೇರಬೇಕು ಅಂತೀರಿ?” ಎಂದು ಎಲ್ಲರೆದುರು ಕೇಳಿದೆ.

“ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಅಪ್ಪನಿಗೆ ನಾನೊಬ್ಬನೇ. ಆ ಹತ್ತು ದಿನ ಇಡೀ ದುನಿಯಾದಲ್ಲಿ ಸೂತಕ ಅಂತ ಇದ್ದದ್ದು ನನಗೊಬ್ಬನಿಗೇ. ಅಕ್ಕಪಕ್ಕದವರು ಬಂದರು, ಒಳ್ಳೇ ಜನ, ಮನೆಗೆ ಹೋಗಿ ಸ್ನಾನ ಮಾಡಿದರೆ ಅವರದು ಮುಗೀತು. ನಾನು ಸತ್ತರೆ ಅಷ್ಟೂ ಇಲ್ಲ. ಮತ್ಲಬ್, ಒಬ್ಬರಿಗಾದರೂ ಹತ್ತು ದಿನ ಮೈಲಿಗೆ ಆಗಬೇಕಲ್ಲ ಸಾರ್. ಅಂಥವರು ಯಾರಾದರೂ ಇದ್ದಾರಾ ನೋಡೋಣ ಅಂತ ಬಂದೆ.”

ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ನಾನು ಮಾತ್ರ ಒಂದು ಗಮನಿಸಿದೆ: ಅಷ್ಟು ಚೆನ್ನಾದ ಉತ್ತರ ತಯಾರಿ ಇಲ್ಲದೆ ಬರುವುದಿಲ್ಲ.

ಕೂಟದ ನಿಯಮ ನಾನೇ ಮಾಡಿದ್ದು. ಕಾಗದ ನಂಬಬಾರದು, ಪಾಲಿನ ಜಗಳದಲ್ಲಿ ಕಾಗದ ಎಷ್ಟು ಬೇಕಾದರೂ ಹುಟ್ಟುತ್ತದೆ. ಯಾರ ಮನೆಯ ಸಾವಿಗೆ ಯಾರು ಹತ್ತು ದಿನ ಸೂತಕ ಹಿಡಿದರೋ ಅವರು ದಾಯಾದಿಗಳು. ಇದನ್ನು ಮನೆಯ ಹಳೇ ಹೆಂಗಸರನ್ನು ಕೇಳಬೇಕು. ಗಂಡಸರು ಸತ್ತವರ ಹೆಸರನ್ನೇ ಮರೆತುಬಿಡುತ್ತಾರೆ, ಹೆಂಗಸರು ಸೂತಕದಿಂದ ತಪ್ಪಿದ ಹಬ್ಬವನ್ನು ಮರೆಯುವುದಿಲ್ಲ. ಕಣ್ಣಾರೆ ಕಂಡವರು ಇಬ್ಬರು ಹೇಳಿದರೆ ಪಟದಲ್ಲಿ ಗಟ್ಟಿ ಗೆರೆ, ಅಲ್ಲಿಯವರೆಗೆ ಚುಕ್ಕೆ ಗೆರೆ. ಜಂಟಿ ಕಾರ್ಯದರ್ಶಿ ಪ್ರಕೃತಿ, ಗುರುಗ್ರಾಮದ ಆಫೀಸಿನ ಹುಡುಗಿ, ಪಟವೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿ, ನನ್ನನ್ನು ಒಂದು ಮಾತೂ ಕೇಳದೆ ವೆಂಕಣ್ಣನಿಂದ ಈ ಮನುಷ್ಯನವರೆಗೆ ಚುಕ್ಕೆ ಎಳೆದೇಬಿಟ್ಟಳು.

ಜನವರಿ ೧೪, ಸಂಕ್ರಾಂತಿ

ವಾಕಿಂಗ್ ಮುಗಿಸಿ ಬಂದರೆ ಆಸಾಮಿ ನಮ್ಮ ಮನೆಯಲ್ಲೇ ಕೂತಿದ್ದಾನೆ! ಎದುರಿಗೆ ಅತ್ತಿಗೆ. ನನ್ನನ್ನು ಕಂಡ ಕೂಡಲೇ ಇಬ್ಬರ ಮಾತೂ ನಿಂತಿತು.

ಅತ್ತಿಗೆ ಅಂದರೆ ಶಾರದತ್ತಿಗೆ, ಸುರೇಶನ ತಾಯಿ. ಅಣ್ಣ ಹೋಗಿ ಬಹಳ ಕಾಲವಾಯಿತು. ನನ್ನ ಲೀಲಾ ಹೋದ ಮೇಲೆ ನಾನೂ ಸುರೇಶನ ಈ ಮನೆಗೇ ಬಂದೆ. ಹಾವೇರಿಯ ಮನೆ ತುಂಬ ಜನವಿದ್ದದ್ದನ್ನು ಕಣ್ಣಾರೆ ಕಂಡು ಉಳಿದಿರುವವರು ಈಗ ಅತ್ತಿಗೆ ಒಬ್ಬರೇ. ನಾನಂತೂ ಆಗ ಚಡ್ಡಿ ಜಾರಿಸಿಕೊಂಡು ಓಡಾಡುವ ಹುಡುಗ. ಅಂದಮೇಲೆ ಈ ಪ್ರಕರಣದಲ್ಲಿ ಮುಖ್ಯ ಸಾಕ್ಷಿ ಅತ್ತಿಗೆ. ಮುಖ್ಯ ಸಾಕ್ಷಿಯ ಮನೆಗೆ ಅರ್ಜಿದಾರ ಎಳ್ಳುಬೆಲ್ಲದ ಪೊಟ್ಟಣ ಹಿಡಿದುಕೊಂಡು ಬಂದರೆ ಅದಕ್ಕೆ ಏನನ್ನಬೇಕು?

“ಎಳ್ಳುಬೆಲ್ಲ ತಗೊಂಡು ಒಳ್ಳೇ ಮಾತಾಡಿ ದತ್ತಾತ್ರೇಯಜಿ,” ಅಂದ. ತಗೊಂಡೆ. ಒಳ್ಳೇ ಮಾತು ಆಡಲಿಲ್ಲ.

ಜನವರಿ ೨೨

ಸರೋಜಿನಿ ನಗರಕ್ಕೆ ಮಫ್ಲರ್ ಕೊಳ್ಳಲು ಹೋಗಿದ್ದೆ. ಆ ಗದ್ದಲದಲ್ಲಿ ಯಾರು ಕಂಡರು? ಅವನೇ. ಹಿಂದೆ ಹಿಂದೆಯೇ ನಡೆದೆ. ವಯಸ್ಸಾಗಿದೆ ನಿಜ, ಆದರೆ ಅಭ್ಯಾಸ ಎಲ್ಲಿ ಹೋಗುತ್ತದೆ? ಒಂದು ಅಂಗಡಿಯ ಮುಂದೆ ನಿಂತು ಹೆಂಗಸರ ಉಣ್ಣೆ ಶಾಲುಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡುತ್ತಿದ್ದ. “ಭಯ್ಯಾ, ಚುಭೇಗಾ ತೋ ನಹೀಂ? ಬುಜುರ್ಗ್ ಕೇ ಲಿಯೇ ಹೈ,” ಅಂತ ಕೇಳುತ್ತಿದ್ದ. ವಯಸ್ಸಾದವರಿಗಂತೆ, ಚುಚ್ಚಬಾರದಂತೆ.

ಸಂಜೆ ಅತ್ತಿಗೆಯ ಹೆಗಲ ಮೇಲೆ ಬೂದು ಬಣ್ಣದ ಶಾಲು! ಎಲ್ಲಿಂದ ಬಂತು ಅಂದರೆ, “ಶೇಖರ ತಂದುಕೊಟ್ಟ, ಎಷ್ಟು ಮೆತ್ತಗಿದೆ ನೋಡು,” ಅಂದರು. ಸಾಕ್ಷಿಗೆ ಲಂಚ. ಹಾಡುಹಗಲೇ. ನಾನು ಮಫ್ಲರ್ ಕೊಳ್ಳುವುದನ್ನು ಮರೆತು ಬಂದಿದ್ದೆ, ಅದೊಂದು ಸಿಟ್ಟು ಬೇರೆ.

ಜನವರಿ ೩೧

ಚಾಣಕ್ಯಪುರಿಯ ಕರ್ನಾಟಕದ ಅತಿಥಿಗೃಹದ ಕ್ಯಾಂಟೀನಿನಲ್ಲಿ ಹಳೇ ಪರಿಚಯದ ಚಂದ್ರಕಾಂತನನ್ನು ಕಂಡೆ. ಅವನೂ ರೈಲ್ವೆಯಲ್ಲಿದ್ದವನು. ಇಡ್ಲಿ ಕೊಡಿಸಿ ಮೆಲ್ಲಗೆ ವಿಚಾರಿಸಿದೆ. ಚಂದ್ರಶೇಖರ ದೇವರಂಥ ಮನುಷ್ಯ ಅಂದ. ಯಾರ ಹತ್ತಿರವೂ ಒಂದು ಕೆಟ್ಟ ಮಾತು ಆಡಿಸಿಕೊಂಡವನಲ್ಲವಂತೆ, ಹೆಂಡತಿಯ ಕಾಯಿಲೆಯಲ್ಲಿ ಅವಳ ತಲೆ ಬಾಚುವುದನ್ನೂ ಅವನೇ ಮಾಡುತ್ತಿದ್ದನಂತೆ.

ಇಷ್ಟು ವರ್ಷ ನೌಕರಿ ಮಾಡಿದವನ ಮೇಲೆ ಒಂದು ದೂರೂ ಇಲ್ಲ ಅಂದರೆ ನಂಬಬೇಕೇ? ಬೆಳ್ಳಗಿರುವುದೆಲ್ಲ ಹಾಲಲ್ಲ.

ಫೆಬ್ರವರಿ ೯, ಭಾನುವಾರ

ಸಭೆ. ಅತ್ತಿಗೆ ತಾವಾಗಿಯೇ ಬರುತ್ತೇನೆ ಅಂದರು. ಸುರೇಶ ಲಿಫ್ಟಿನಲ್ಲಿ ಕೆಳಗಿನ ಹಾಲಿಗೆ ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ. ಬೂದು ಶಾಲು ಹೊದ್ದಿದ್ದರು. ಕೂತವರು ಯಾರ ಪ್ರಶ್ನೆಗೂ ಕಾಯಲಿಲ್ಲ.

“ನಾನು ಮದುವೆಯಾಗಿ ಬಂದ ವರ್ಷ. ವೆಂಕಣ್ಣನ ಮಗ ನರಸಿಂಗರಾಯ ಝಾನ್ಸಿಯಲ್ಲಿ ಹೋದ ಅಂತ ಸುದ್ದಿ ಬಂತು. ನಮ್ಮ ಮಾವನವರು ಹತ್ತು ದಿನ ಸೂತಕ ಹಿಡಿದರು. ದೀಪಾವಳಿ ಅದರೊಳಗೇ ಬಂತು. ನನ್ನ ಮೊದಲ ದೀಪಾವಳಿ! ಎಣ್ಣೆ ಸ್ನಾನ ಇಲ್ಲ, ಆರತಿ ಇಲ್ಲ, ಹೊಸ ಸೀರೆ ಪೆಟ್ಟಿಗೆಯಲ್ಲೇ ಉಳೀತು.”

ನಾನು ಬಿಡಲಿಲ್ಲ. “ಯಾವ ಬಣ್ಣದ ಸೀರೆ?”

“ಗಿಳಿಹಸಿರು, ಕೆಂಪು ಅಂಚು. ನೇಯ್ದವನ ಹೆಸರೂ ಬೇಕೇನೋ?”

ಎಲ್ಲರೂ ನಕ್ಕರು. ಚಂದ್ರಶೇಖರ ನಗಲಿಲ್ಲ. ಎದ್ದು ಬಂದು ಅತ್ತಿಗೆಯ ಕಾಲು ಮುಟ್ಟಿದ, ಅಲ್ಲೇ ಮಂಡಿಯೂರಿ ಕೂತುಬಿಟ್ಟ, ಗಂಡಸು ಅಂತ ನಾಚಿಕೆಯೂ ಇಲ್ಲದೆ ಅತ್ತ. “ನಮ್ಮಜ್ಜ ಸತ್ತದ್ದು ದೀಪಾವಳಿ ಹತ್ತಿರ ಅಂತ ಅಪ್ಪಾಜಿ ಹೇಳ್ತಿದ್ದರು,” ಅಂದ. ಹೇಳದೆ ಇರುತ್ತಾರೆಯೇ! ಅದನ್ನೇ ಸಂಕ್ರಾಂತಿಯ ದಿನ ಅತ್ತಿಗೆಯ ಕಿವಿಗೆ ಹಾಕಿರುತ್ತಾನೆ.

ಆದರೂ ಸಾಕ್ಷಿ ಅಲುಗಾಡಲಿಲ್ಲ, ಅದನ್ನು ಒಪ್ಪಬೇಕು. ಒಂದು ಬಾಯಿ ಆಯಿತು ಎಂದು ದಾಖಲಿಸಿದೆ. ಇನ್ನೊಂದು ಬಾಯಿ ಸಿಗುವವರೆಗೆ ಚುಕ್ಕೆಯೇ ಇರಲಿ ಅಂದೆ. ಪ್ರಕೃತಿ ನನ್ನನ್ನು ನೋಡಿದ ರೀತಿ ನನಗೆ ಸರಿಬರಲಿಲ್ಲ.

ಫೆಬ್ರವರಿ ೧೬

ಸಿಕ್ಕಿಬಿದ್ದರು!

ಬೆಳಿಗ್ಗೆ ಎಣ್ಣೆ ಹಚ್ಚಿಕೊಳ್ಳುವಾಗ ಎಡಗೈ ಹಸ್ತದ ಸುಟ್ಟ ಕಲೆ ಕಣ್ಣಿಗೆ ಬಿತ್ತು. ದಿನಾ ನೋಡುವ ಕಲೆ, ಇವತ್ತು ತಲೆಗೆ ಹೊಡೆಯಿತು. ಅದು ಅಣ್ಣನ ಅಳಿಯತನದ ಮೊದಲ ದೀಪಾವಳಿ. ರಾಣೆಬೆನ್ನೂರಿನ ಬೀಗರ ಮನೆಗೆ ಅಣ್ಣ ಅತ್ತಿಗೆಯರ ಜೊತೆ ನಾನೂ ಬಾಲದ ಹಾಗೆ ಹೋಗಿದ್ದೆ. ಅಣ್ಣನಿಗೆ ಅಲ್ಲಿ ರೇಷ್ಮೆ ಪಂಚೆ ಉಡುಗೊರೆ ಕೊಟ್ಟರು. ಅವರ ಅಂಗಳದಲ್ಲಿ ಉರಿದ ಸುರುಸುರುಬತ್ತಿಯ ಕಡ್ಡಿಯನ್ನು ಬಿಸಿ ಆರುವ ಮೊದಲೇ ಹಿಡಿದುಕೊಂಡು ನಾನು ಊರೆಲ್ಲ ಕೇಳುವಂತೆ ಅತ್ತದ್ದು. ಸೂತಕವಿದ್ದ ಮನೆಯವರು ಬೀಗರ ಮನೆಯಲ್ಲಿ ಪಟಾಕಿ ಸುಡುತ್ತಾರೆಯೇ?

ಅಂದರೆ ಆ ದೀಪಾವಳಿ ನಿಂತಿರಲೇ ಇಲ್ಲ. ಹಬ್ಬ ನಡೆದಿದೆ, ಭರ್ಜರಿಯಾಗಿ ನಡೆದಿದೆ. ಅಂದರೆ ನರಸಿಂಗರಾಯನಿಗೆ ನಮ್ಮವರು ಸೂತಕ ಹಿಡಿದಿಲ್ಲ. ಅಂದರೆ ಇವನ ವೆಂಕಣ್ಣ ನಮ್ಮ ವೆಂಕಣ್ಣನಲ್ಲ.

ಫೆಬ್ರವರಿ ೧೭

ಸುರೇಶ, ಶ್ರೀವಿದ್ಯಾ ಕೆಲಸಕ್ಕೆ ಹೋಗುವುದನ್ನೇ ಕಾದಿದ್ದು ಅತ್ತಿಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತೆ.

“ಮೊದಲ ದೀಪಾವಳಿ ನಿಂತಿತ್ತು ಅಂದಿರಲ್ಲ ಅತ್ತಿಗೆ?”

“ಹೂಂ.”

ನಾನು ಎಡಗೈ ಚಾಚಿದೆ. ಅತ್ತಿಗೆ ಕೈ ನೋಡಿದರು, ನನ್ನ ಮುಖ ನೋಡಿದರು, ನಕ್ಕುಬಿಟ್ಟರು. “ಅಯ್ಯೋ ನಿನ್ನ! ಆ ಸುರುಸುರುಬತ್ತಿ! ಬೆಣ್ಣೆ ಹಚ್ಚಿದವಳು ನಾನೇ ಅಲ್ಲವೇನೋ.”

“ಹಾಗಾದರೆ ಸಭೆಯಲ್ಲಿ ಹೇಳಿದ್ದು ಸುಳ್ಳು.”

“ಸುಳ್ಳೇ. ಏನೀಗ?”

“ಏನೀಗ ಅಂದರೆ! ಅಷ್ಟು ಜನರ ಮುಂದೆ! ಅವನು ಹೇಳಿಕೊಟ್ಟನೋ?”

“ಅವನೇನು ಹೇಳಿಕೊಡ್ತಾನೆ, ಪಾಪ, ಅವನಿಗೆ ನೆಟ್ಟಗೆ ಕನ್ನಡವೇ ಬರೋದಿಲ್ಲ. ಅವನಿಗೂ ಗೊತ್ತಿಲ್ಲ, ನಿಜ ಅಂತಲೇ ನಂಬಿದ್ದಾನೆ. ನನಗೇ ತೋಚಿತು, ಹೇಳಿದೆ.”

“ನಾಳೆ ಜಮೀನಿಗೆ ಬಂದರೆ?”

ಅತ್ತಿಗೆಯ ನಗು ನಿಂತಿತು. “ಅವನು ಕೇಳಿದ್ದು ಜಮೀನಲ್ಲ ದತ್ತು, ಮೈಲಿಗೆ. ಮೈಲಿಗೆ ಕೊಡೋದಕ್ಕೂ ನಿನಗೆ ಇಷ್ಟು ಜಿಪುಣತನವೇ?”

ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ಸುಳ್ಳು ಸಾಕ್ಷಿಗೆ ಉತ್ತರ ಕೊಡಬೇಕಾದ ಜರೂರಿಲ್ಲ. ಮಾರ್ಚ್ ಸಭೆಯಲ್ಲಿ ಇದನ್ನು ಹೇಳಿ ಚುಕ್ಕೆ ಗೆರೆಯನ್ನೂ ಅಳಿಸಿಹಾಕಿಸುತ್ತೇನೆ. ಅತ್ತಿಗೆಗೆ ಅವಮಾನವಾದರೆ ಆಗಲಿ. ನಿಯಮ ಅಂದರೆ ನಿಯಮ.

ಫೆಬ್ರವರಿ ೨೬, ಶಿವರಾತ್ರಿ

ಚಂದ್ರಶೇಖರ ಬಂದಿದ್ದ. ಉಪವಾಸವಂತೆ. ಅತ್ತಿಗೆ ಅವನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಮಾಡಿದರು. ಗುಸುಗುಸು. ನಾನು ಪೇಪರ್ ಓದುವವನಂತೆ ಆ ಗೋಡೆಯ ಪಕ್ಕಕ್ಕೇ ಕೂತೆ, ಆದರೆ ಕೆಳಗೆ ತರಕಾರಿಯವನು ಕೂಗುತ್ತಿದ್ದ, ಒಂದಕ್ಷರ ಕೇಳಲಿಲ್ಲ.

ಹೊರಗೆ ಬಂದಾಗ ಅವನ ಮುಖ ಬಾಡಿತ್ತು. ಹೊರಟೇಬಿಟ್ಟ. ಲಿಫ್ಟಿನವರೆಗೆ ಹೋಗಿ ಎರಡು ಬಾಳೆಹಣ್ಣು ಕೈಗೆ ತುರುಕಿದೆ. ಮೆಟ್ರೋದಲ್ಲಿ ತಲೆ ತಿರುಗಿ ಬಿದ್ದರೆ ಎಲ್ಲಿಗೆ ಹೋಗಿದ್ದಿರಿ ಅಂತ ಕೇಳುತ್ತಾರೆ, ನಮ್ಮ ಮನೆಯ ಹೆಸರು ಬರುತ್ತದೆ.

ಮಾರ್ಚ್ ೪

ಶಿವರಾತ್ರಿಯಿಂದ ಈಚೆಗೆ ಪತ್ತೆ ಇಲ್ಲ. ದಿನ ಬಿಟ್ಟು ದಿನ ಬರುತ್ತಿದ್ದವನು ಹೀಗೆ ನಿಂತರೆ ಏನೋ ಹೂಡುತ್ತಿದ್ದಾನೆ ಎಂದೇ ಅರ್ಥ. ಫೋನಿಗೆ ಸರಿಯಾಗಿ ಉತ್ತರವಿಲ್ಲ. ಸ್ಥಳ ಪರಿಶೀಲನೆ ಅಗತ್ಯ ಎನಿಸಿ ಫರೀದಾಬಾದಿಗೇ ಹೋದೆ. ಬರಿಗೈಲಿ ಹೋದರೆ ಅನುಮಾನ ಬರುತ್ತದೆಂದು ಶ್ರೀವಿದ್ಯಾಳಿಂದ ಮೆಣಸಿನ ಸಾರು ಮಾಡಿಸಿ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿದ್ದೆ.

ಮನೆಯಲ್ಲಿ ಜ್ವರ ಹಿಡಿದು ಮಲಗಿದ್ದ. ಅಡುಗೆಮನೆ ನೋಡಿದೆ: ಒಂದು ತಟ್ಟೆ, ಒಂದು ಲೋಟ, ಒಣಗಿದ ಬ್ರೆಡ್ಡು. ಹೆಂಡತಿಯ ಫೋಟೋಗೆ ಮಾತ್ರ ಅವತ್ತಿನ ಹೂವು. ಜಮೀನು, ಕೋರ್ಟು, ವಕೀಲ, ಯಾವುದರ ಸುಳಿವೂ ಕಾಣಲಿಲ್ಲ.

“ಯಾಕೆ ತೊಂದರೆ ತಗೊಂಡಿರಿ ದತ್ತಾತ್ರೇಯಜಿ,” ಅಂದ.

“ಜ್ವರ ಬಂದರೆ ಹೇಳೋದಕ್ಕೆ ಏನು ಧಾಡಿ?” ಅಂತ ಗದರಿದೆ. ಸಾರನ್ನ ಕಲಸಿ ಕೊಟ್ಟೆ, ತಿಂದ. ಅನ್ನ ಮಾಡುವಷ್ಟು ಹೊತ್ತು ಇದ್ದರೆ ತಾನೇ ಮನೆಯನ್ನು ಪೂರ್ತಿ ನೋಡಲಾಗುವುದು? ಹಾಗಾಗಿ ಸಂಜೆಯವರೆಗೆ ಇರಬೇಕಾಯಿತು.

ಮಾರ್ಚ್ ೯, ಭಾನುವಾರ

ಸಭೆ ಆಯಿತು. ಇಂದು ಮಂಗಳೂರು ಕಡೆಯ ಪ್ರೊಫೆಸರ್ ಡಿಸೋಜಾ ಅವರ ಮನೆತನದ ಪಟ. ಅದೇ ಬಹಳ ಹೊತ್ತು ತೆಗೆದುಕೊಂಡಿತು. ಕೊನೆಯಲ್ಲಿ ಪ್ರಕೃತಿ, “ಸರ್, ನಿಮ್ಮ ಪಟದ ಚುಕ್ಕೆ ಗೆರೆ ಏನಾಯ್ತು?” ಅಂದಳು. ಶೇಖರ ಹಿಂದಿನ ಸಾಲಿನಲ್ಲಿ ಸ್ವೆಟರ್ ಇಲ್ಲದೆ ಕೂತಿದ್ದ, ಜ್ವರ ಬಿಟ್ಟು ವಾರವೂ ಆಗಿಲ್ಲ. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ ಅಂದೆ. ಕೇಸರಿಬಾತು ಆರುತ್ತಿತ್ತು, ಅದೇ ಕಾರಣ.

ಏಪ್ರಿಲ್‌ನಲ್ಲಿ ಹೇಳಿಯೇ ತೀರುತ್ತೇನೆ.

ಮಾರ್ಚ್ ೨೪

ಅತ್ತಿಗೆ ಹೋದರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹಾಗೇ ಒರಗಿದವರು. ಏನು ಬರೆಯಲಿ.

ಮಾರ್ಚ್ ೨೭

ಶೇಖರ ದಿನವೂ ಬರುತ್ತಿದ್ದಾನೆ. ಸುರೇಶ ಫೋನ್ ಮಾಡಿದ ದಿನವೇ ಬಂದ, ಸುಡುವಲ್ಲಿಗೂ ಬಂದ, ಮುಳುಗಿ ಒದ್ದೆ ಬಟ್ಟೆಯಲ್ಲೇ ನಿಂತ. ಈಗ ಬೆಳಿಗ್ಗೆ ಬಂದು ಚಾಪೆಯ ಮೇಲೆ ನಮ್ಮ ಜೊತೆ ಕೂರುತ್ತಾನೆ, ಒಪ್ಪೊತ್ತು ಊಟ ಮಾಡುತ್ತಾನೆ, ಸಂಜೆ ಫರೀದಾಬಾದಿಗೆ ಹೋಗುತ್ತಾನೆ. ಗಡ್ಡ ತೆಗೆದಿಲ್ಲ. ಸುರೇಶನಿಗೆ ಅದೆಲ್ಲ ಸಹಜವೇ ಅನ್ನಿಸಿದೆ, ಶೇಖರ್ ಕಾಕಾ ಅನ್ನುತ್ತಾನೆ.

ನಾನು ನೋಡುತ್ತಲೇ ಇದ್ದೇನೆ. ನಮ್ಮೆದುರು ನೆಲದ ಮೇಲೆ ಮಲಗುತ್ತೇನೆ ಅನ್ನುವವನು ತನ್ನ ಮನೆಗೆ ಹೋಗಿ ಏನು ಮಾಡುತ್ತಾನೋ ಬಲ್ಲವರಾರು? ಇಲ್ಲದ ಸೂತಕವನ್ನು ಹಿಡಿದು ಕೂತಿದ್ದಾನೆ. ಪಾಪ, ಅವನಿಗೆ ಗೊತ್ತಿಲ್ಲ. ಗೊತ್ತಿರುವುದು ನನಗೊಬ್ಬನಿಗೆ. ಬಾಯಿ ಬಿಟ್ಟರೆ ಅವನು ಈ ಕ್ಷಣವೇ ಎದ್ದು ಹೋಗಬೇಕಾಗುತ್ತದೆ. ಹೋಗಲಿ, ಹತ್ತು ದಿನ ಕಳೆಯಲಿ. ಚಾಪೆಯ ಆ ಕಡೆ ಖಾಲಿ ಇದ್ದರೆ ಅತ್ತಿಗೆ ಇಲ್ಲದ್ದು ಇನ್ನೂ ಎದ್ದು ಕಾಣುತ್ತದೆ.

ಮಾರ್ಚ್ ೩೦, ಯುಗಾದಿ

ನಮಗೆ ಹಬ್ಬವಿಲ್ಲ. ತೋರಣವಿಲ್ಲದ ಬಾಗಿಲು, ಬೇವುಬೆಲ್ಲವಿಲ್ಲದ ಬಾಯಿ.

ಪ್ರಕೃತಿ ಫೋನ್ ಮಾಡಿದ್ದಳು. ಇವತ್ತು ಶೇಖರ ನಮ್ಮಲ್ಲಿಗೆ ಬರುವ ಮುಂಚೆ ಅವಳಿಗೊಂದು ಪುಸ್ತಕ ತಲುಪಿಸಲು ಹೋಗಿದ್ದನಂತೆ. ಗೇಟಿನ ಹೊರಗೇ ನಿಂತನಂತೆ. ಅವಳ ತಾಯಿ ಒಳಗೆ ಬನ್ನಿ, ಒಬ್ಬಟ್ಟು ತಿಂದು ಹೋಗಿ ಅಂದರೆ, ಮುಟ್ಟಬೇಡಿ ತಾಯಿ, ನಮಗೆ ಸೂತಕ ಅಂದನಂತೆ. ಪುಸ್ತಕವನ್ನು ಗೋಡೆಯ ಮೇಲೆ ಇಟ್ಟು ಹೊರಟನಂತೆ. “ಸರ್, ‘ನಮಗೆ’ ಅಂದ್ರು,” ಅಂದಳು ಪ್ರಕೃತಿ.

ಅಲ್ಲಿ ನಾನಿರಲಿಲ್ಲ. ಪ್ರಕೃತಿ ಹೇಳದಿದ್ದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಶೇಖರ ಬಂದ ಮೇಲೂ ಆ ಮಾತು ಎತ್ತಲಿಲ್ಲ. ಊಟ ಮಾಡಿದೆಯಾ ಅಂದೆ. ನೀವಾದ ಮೇಲೆ ಅಂದ. ಒಟ್ಟಿಗೇ ಕೂತೆವು.

ಏಪ್ರಿಲ್ ೨

ಹತ್ತನೆಯ ದಿನ. ಯಮುನೆಯ ಘಾಟಿನಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸುರೇಶ ತಲೆ ಬೋಳಿಸಿಕೊಂಡು ಕರ್ಮಕ್ಕೆ ಕೂತಿದ್ದ. ಧರ್ಮೋದಕದ ಹೊತ್ತು ಬಂತು. “ದಾಯಾದಿಗಳು ಯಾರು ಯಾರಿದ್ದೀರಿ, ಬನ್ನಿ, ಎಳ್ಳುನೀರು ಬಿಡಬೇಕು,” ಎಂದರು ಭಟ್ಟರು. ನಾನು ಎದ್ದೆ. ಶೇಖರ ಏಳಲಿಲ್ಲ. ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಹತ್ತಿರ ಹೋದೆ. “ಯಾಕೆ? ಕಾಲು ನೋವೇ?”

“ದತ್ತಣ್ಣ, ನಾನು ಬರಬಾರದು. ನಂಗೆ ಗೊತ್ತು.”

“ಏನು ಗೊತ್ತು?”

“ಶಿವರಾತ್ರಿ ದಿನ ಅತ್ತಿಗೆಮ್ಮ ಹೇಳಿದರು. ದೀಪಾವಳಿ ಕಥೆ ಸುಳ್ಳು ಕಣಪ್ಪ, ದತ್ತು ಹಿಡಿದುಬಿಟ್ಟ, ಸಭೆಯಲ್ಲಿ ಹೇಳಿದರೆ ನೀನು ಬೇಜಾರು ಮಾಡ್ಕೋಬೇಡ, ಬರೋದು ನಿಲ್ಲಿಸಬೇಡ ಅಂದರು. ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟು ದಿನ ಕೂತದ್ದು ಬೇರೆ. ಆದರೆ ನೀರು ಬಿಡೋದು... ಸುಳ್ಳು ನೀರು ಅವರಿಗೆ ಮುಟ್ಟಬಾರದು.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದಿನ ಇವನಿಗೆ ತಿಳಿಯಬಾರದು ಅಂತ ನಾನು ಬಾಯಿ ಕಟ್ಟಿಕೊಂಡು ಕೂತಿದ್ದರೆ ಇವನಿಗೆ ಮೊದಲೇ ಗೊತ್ತು! ಏನೋ ಮುಚ್ಚಿಡುತ್ತಿದ್ದಾನೆ ಅನ್ನುವ ನನ್ನ ಅನುಮಾನ ಕಡೆಗೂ ನಿಜವೇ ಆಯಿತು.

“ಗೊತ್ತಿದ್ದೂ ಸೂತಕ ಯಾಕೆ ಹಿಡಿದೆ?”

“ನಾನು ಹಿಡೀಲಿಲ್ಲ ದತ್ತಣ್ಣ, ಬಂತು. ಸುರೇಶ ಫೋನ್ ಮಾಡಿದಾಗ ಕೈಯಲ್ಲಿ ಚಹಾ ಇತ್ತು. ಕುಡಿಯೋಕೆ ಆಗಲಿಲ್ಲ. ಆಮೇಲೆ ಏನು ಮುಟ್ಟೋಕೂ ಮನಸ್ಸಾಗಲಿಲ್ಲ. ಯಾರೋ ಹೇಳಿ ಮಾಡಿದ್ದಲ್ಲ, ಹಾಗೇ ಆಯ್ತು.”

ಭಟ್ಟರು ಮತ್ತೆ ಕೂಗಿದರು. ನನಗೆ ಅಳು ಬಂದಿತ್ತು, ಅದಕ್ಕೇ ಜೋರಾಗಿ ಗದರಿದೆ. “ಏಳೋ ಶೇಖರ! ಬಿಸಿಲಲ್ಲಿ ಎಲ್ಲರನ್ನೂ ಕಾಯಿಸ್ತೀಯಲ್ಲ, ಬುದ್ಧಿ ಬೇಡವೇ?” ರಟ್ಟೆ ಹಿಡಿದು ಎಬ್ಬಿಸಿದೆ. ಇವರು ಯಾರು ಎಂದರು ಭಟ್ಟರು. ದಾಯಾದಿ ಅಂದೆ. ಗೋತ್ರ? ಕಾಶ್ಯಪ ಅಂದೆ. ಅವನ ಕೈಗೆ ಎಳ್ಳು ಹಾಕಿದವನು ನಾನೇ. ಅರ್ಧ ಎಳ್ಳು ಚೆಲ್ಲಿತು, ಮತ್ತೆ ಹಾಕಿದೆ.

ಮನೆಗೆ ಬಂದು ಒಂದು ಪ್ರಶ್ನೆ ಕಾಡುತ್ತಿದೆ. ಜನ್ಮದಲ್ಲಿ ಸುಳ್ಳು ಸಾಕ್ಷಿಯನ್ನು ಸಹಿಸಿದವನಲ್ಲ ನಾನು. ದಾಯಾದಿ ಅಂತ ಘಾಟಿನಲ್ಲಿ ನಿಂತು ಹೇಳಿದೆ, ಆದರೆ ಸುಳ್ಳು ಹೇಳಿದೆ ಅಂತ ಮನಸ್ಸಿಗೆ ಅನ್ನಿಸುತ್ತಿಲ್ಲ. ನಿಯಮವನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು.

ಏಪ್ರಿಲ್ ೧೩, ಭಾನುವಾರ

ಸಭೆ. ಅತ್ತಿಗೆಯ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಶ್ರೀವಿದ್ಯಾ ಕೇಸರಿಬಾತು ಮಾಡಿರಲಿಲ್ಲ, ಬರೀ ಚಹಾ. ಆದರೂ ಎಲ್ಲರೂ ಬಂದಿದ್ದರು, ಜನರ ಬಗ್ಗೆ ನಾನು ಅಂದುಕೊಂಡದ್ದು ಕೆಲವೊಮ್ಮೆ ತಪ್ಪಾಗುತ್ತದೆ.

ಮೊದಲ ವಿಷಯವಾಗಿ ನಾನೇ ಎದ್ದು ನಿಂತೆ. ಫೆಬ್ರವರಿ ಸಭೆಯಲ್ಲಿ ನಮ್ಮ ಅತ್ತಿಗೆ ಕೊಟ್ಟ ಸಾಕ್ಷ್ಯ ಸರಿಯಲ್ಲ, ಆ ದೀಪಾವಳಿ ನಿಂತಿರಲಿಲ್ಲ, ಅದನ್ನು ತೆಗೆದುಹಾಕಬೇಕು ಅಂದೆ. ಗುಜುಗುಜು ಎದ್ದಿತು. ಶೇಖರ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಬಾಗಿಲ ಕಡೆ ನೋಡುತ್ತ ಕೂತಿದ್ದ. ಪ್ರಕೃತಿಯ ಮುಖ ಕೆಂಪಾಗಿತ್ತು.

“ಈಗಲೇ ಇದನ್ನ ಹೇಳಬೇಕಿತ್ತಾ ಸರ್? ಹಾಗಾದರೆ ಚುಕ್ಕೆ ಗೆರೆಯನ್ನೂ ಅಳಿಸ್ತೀನಿ, ಅಷ್ಟೇ ತಾನೇ?”

“ತಡಿಯಮ್ಮ. ಹೊಸ ಸಾಕ್ಷ್ಯ ಇದೆ,” ಅಂದೆ. “ನಮ್ಮ ನಿಯಮ ಏನು? ಯಾರ ಮನೆಯ ಸಾವಿಗೆ ಯಾರು ಸೂತಕ ಹಿಡಿದರೋ ಅವರು ದಾಯಾದಿ. ನಮ್ಮ ಮನೆಯಲ್ಲಿ ಸಾವಾಯಿತು. ಶೇಖರ ಹತ್ತು ದಿನ ಸೂತಕ ಹಿಡಿದ. ಅವನಿಗೆ ಯುಗಾದಿ ನಿಂತಿತು. ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಬಾಯಿ.”

ಸುರೇಶ ಹಿಂದಿನ ಸಾಲಿನಿಂದ ಎದ್ದ. ತಲೆಯಲ್ಲಿ ಇನ್ನೂ ಕೂದಲು ಸರಿಯಾಗಿ ಬಂದಿಲ್ಲ. “ನಾನೂ ಕಂಡಿದ್ದೇನೆ. ಎರಡು,” ಅಂದ.

ಯಾರೂ ಆಕ್ಷೇಪ ಎತ್ತಲಿಲ್ಲ. ಎತ್ತಿದ್ದರೆ ಉತ್ತರ ಸಿದ್ಧವಾಗಿತ್ತು. ಇದರಲ್ಲಿ ರಿಯಾಯಿತಿ ಏನೂ ಇಲ್ಲ, ನಿಯಮದಲ್ಲಿ ಇರುವುದನ್ನೇ ಮಾಡಿದ್ದೇನೆ.

ಪ್ರಕೃತಿ ಲ್ಯಾಪ್‌ಟಾಪ್ ತೆರೆದಳು. ಕಣ್ಣು ಒರೆಸಿಕೊಂಡು ಕೇಳಿದಳು. “ಗಟ್ಟಿ ಗೆರೆ ಎಳೀತೀನಿ ಸರ್. ಆದರೆ ಎಲ್ಲಿಂದ ಎಳೀಲಿ? ವೆಂಕಣ್ಣ ಅಂತೂ ಅಲ್ಲ. ಯಾವ ತಾತನಿಂದ?”

ಶೇಖರ ಬಾಗಿಲ ಕಡೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದ.

“ತಾತ ಯಾರೂ ಬೇಡ,” ಅಂದೆ. “ಅತ್ತಿಗೆಯಿಂದ ಎಳಿ.”

ಎಳೆದಳು.